ಬೇಸಾಯಗಾರನಿಗೆ ಬೇಕಾದುದು ವೇಗವೋ, ಭರವಸೆಯೋ?

ಸಂತೆಯ ದಿನ ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವ ರೈತ ಬಾಂಧವರು ಪೇಟೆಯ ಗೋಡೆಗಳನ್ನು ಗಮನಿಸಿರಬಹುದು. ಹಿಂದೆ ರಸಗೊಬ್ಬರ, ಬಿತ್ತನೆ ಬೀಜ ಮತ್ತು ಪಂಪ್‌ಸೆಟ್ಟುಗಳ ಜಾಹೀರಾತು ಇರುತ್ತಿದ್ದ ಜಾಗದಲ್ಲಿ ಈಗ 5ಜಿ ಮೊಬೈಲ್ ಜಾಲ ಮತ್ತು ಏರ್‌ಫೈಬರ್‌ಗಳ ಬಣ್ಣದ ಫಲಕಗಳು ಕಾಣುತ್ತಿವೆ. ಒಂದೇ ಸಂಪರ್ಕದಿಂದ ದೂರವಾಣಿ, ಅಂತರಜಾಲ, ನೂರಾರು ಟಿ.ವಿ. ವಾಹಿನಿಗಳು ಮತ್ತು ಸಿನಿಮಾಗಳೆಲ್ಲ ಮನೆಗೆ ಬರುತ್ತವೆ ಎಂದು ಕಂಪನಿಗಳ ಪ್ರತಿನಿಧಿಗಳು ಹಳ್ಳಿಗಳಿಗೂ ಬಂದು ತಿಳಿಸುತ್ತಿದ್ದಾರೆ. ಇದನ್ನು ಕೊಳ್ಳಬೇಕೆ, ಬೇಡವೆ? ಕೊಂಡರೆ ಯಾವುದನ್ನು ಕೊಳ್ಳಬೇಕು? ಈ ಪ್ರಶ್ನೆಯನ್ನು ಬೇಸಾಯಗಾರನ ದೃಷ್ಟಿಯಿಂದ ವಿಚಾರ ಮಾಡುವುದು ಅಗತ್ಯ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಂಪನಿಗಳು ಮಾರುವುದು ವೇಗವನ್ನು. ಬೇಸಾಯಕ್ಕೆ ಬೇಕಾಗಿರುವುದು ಭರವಸೆ. ಇವೆರಡೂ ಒಂದೇ ಅಲ್ಲ.

ಕೊಳವೆ ಬಾವಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಾಲ್ಕು ಇಂಚು ನೀರು ಒಂದು ದಿನ ಬಂದು ಮೂರು ದಿನ ನಿಂತುಹೋಗುವ ಬಾವಿ ಒಂದು. ಎರಡೇ ಇಂಚು ನೀರನ್ನು ದಿನವೂ ತಪ್ಪದೆ ಕೊಡುವ ಬಾವಿ ಇನ್ನೊಂದು. ಇವುಗಳಲ್ಲಿ ಯಾವುದನ್ನು ನಂಬಿ ನೀವು ನಾಟಿ ಮಾಡುವಿರಿ? ಮೊಬೈಲ್ ಜಾಲವನ್ನು ಆರಿಸುವಾಗಲೂ ಇದೇ ವಿವೇಕ ಇರಬೇಕು.

ಈ ಹೊಸ ಸಲಕರಣೆ ಎಂದರೇನು?

ನಮ್ಮ ದೇಶದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಆ ಬಳಿಕ ಈ ಅಲೆಗಳ ಮೂಲಕವೇ ಮನೆಗಳಿಗೆ ಅಂತರಜಾಲ ಒದಗಿಸುವ ಕೆಲಸ ಆರಂಭವಾಯಿತು. ಏರ್‌ಟೆಲ್ ಕಂಪನಿಯು 2023ರ ಆಗಸ್ಟ್‌ನಲ್ಲಿ ದೆಹಲಿ ಮತ್ತು ಮುಂಬಯಿಗಳಲ್ಲಿಯೂ, ಜಿಯೋ ಕಂಪನಿಯು ಅದೇ ವರ್ಷದ ಸೆಪ್ಟೆಂಬರ್ 19ರಂದು ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿಯೂ ಏರ್‌ಫೈಬರ್ ಎಂಬ ಹೆಸರಿನ ಸೇವೆಯನ್ನು ಪ್ರಾರಂಭಿಸಿದವು. ನಂತರ ಅದು ಸಣ್ಣ ಊರುಗಳಿಗೂ ಹರಡಿತು.

ಇದರ ರಚನೆ ಸರಳ. ಮನೆಯ ಮಾಳಿಗೆಯ ಮೇಲೆ ಒಂದು ಸಣ್ಣ ಆಂಟೆನಾ ಪೆಟ್ಟಿಗೆಯನ್ನು ಕೂರಿಸುತ್ತಾರೆ. ಅದು ಸಮೀಪದ ಗೋಪುರದಿಂದ ಬರುವ ಅಲೆಗಳನ್ನು ಹಿಡಿದು, ಒಂದು ತಂತಿಯ ಮೂಲಕ ಮನೆಯೊಳಗಿನ ರೌಟರ್ ಎಂಬ ಪೆಟ್ಟಿಗೆಗೆ ತಲುಪಿಸುತ್ತದೆ. ರೌಟರ್ ಅದನ್ನು ವೈಫೈ ರೂಪದಲ್ಲಿ ಮನೆಯೊಳಗೆ ಹಂಚುತ್ತದೆ. ಟಿ.ವಿ.ಗೆ ಜೋಡಿಸಿದ ಮತ್ತೊಂದು ಪೆಟ್ಟಿಗೆಯಲ್ಲಿ ವಾಹಿನಿಗಳೂ ಸಿನಿಮಾಗಳೂ ಬರುತ್ತವೆ. ನೆಲದಡಿಯಲ್ಲಿಯೋ ಕಂಬಗಳ ಮೇಲೆಯೋ ಗಾಜಿನ ಎಳೆಯನ್ನು ಎಳೆದು ತರುವ ಫೈಬರ್ ಸಂಪರ್ಕಕ್ಕಿಂತ ಇದು ಭಿನ್ನವಾದುದು.

ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ರೌಟರಿನ ವೈಫೈ ಮನೆ, ಅಂಗಳ, ಹೆಚ್ಚೆಂದರೆ ಪಕ್ಕದ ಕೊಟ್ಟಿಗೆಯವರೆಗೆ ತಲುಪುತ್ತದೆ. ಅರ್ಧ ಮೈಲಿ ದೂರದ ಹೊಲಕ್ಕೆ ಅದು ಬರುವುದಿಲ್ಲ. ಮನೆಗೆ ಎಷ್ಟೇ ದುಬಾರಿ ಸಂಪರ್ಕ ಹಾಕಿಸಿದರೂ, ಹೊಲದಲ್ಲಿ ನೀವು ಅವಲಂಬಿಸಬೇಕಾದುದು ಜೇಬಿನ ಮೊಬೈಲಿಗೆ ಸಿಗುವ ಗೋಪುರದ ಅಲೆಯನ್ನೇ.

ಬೇಸಾಯಕ್ಕೆ ಎಷ್ಟು ವೇಗ ಬೇಕು?

ರೈತನು ಮೊಬೈಲಿನಿಂದ ಪಡೆಯುವ ಉಪಯೋಗಗಳನ್ನು ಒಂದೊಂದಾಗಿ ಎಣಿಸೋಣ. ಹವಾಮಾನ ಮುನ್ಸೂಚನೆ ಮತ್ತು ಕೃಷಿ ಸಲಹೆಗಳಿಗಾಗಿ 2019ರಲ್ಲಿ ಹೊರತಂದ ‘ಮೇಘದೂತ್’ ಇದೆ. ಸಮೀಪದಲ್ಲಿ ಸಿಡಿಲು ಬಡಿಯುತ್ತಿದ್ದರೆ ಎಚ್ಚರಿಸುವ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಸಿದ್ಧಪಡಿಸಿದ ‘ದಾಮಿನಿ’ ಇದೆ. ಮಾರುಕಟ್ಟೆ ಧಾರಣೆ ನೋಡುವುದು, ಪಹಣಿ ತೆಗೆಯುವುದು, ಬೆಳೆ ಸಮೀಕ್ಷೆಗೆ ಹೊಲದಲ್ಲಿ ನಿಂತು ಚಿತ್ರ ತೆಗೆಯುವುದು, ರೋಗ ತಗುಲಿದ ಎಲೆಯ ಚಿತ್ರವನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸುವುದು, ಹಣ ಪಾವತಿ ಮಾಡುವುದು ಇತ್ಯಾದಿ ಉಪಯೋಗಗಳಿವೆ.

ಇವುಗಳಲ್ಲಿ ಯಾವುದಕ್ಕೂ 30 ಅಥವಾ 100 ಎಂ.ಬಿ.ಪಿ.ಎಸ್. ವೇಗ ಬೇಕಾಗಿಲ್ಲ. ಎಲೆಯ ಒಂದು ಚಿತ್ರಕ್ಕೆ ಮೂರು ನಾಲ್ಕು ಎಂ.ಬಿ. ಸಾಕು. ಸ್ಪಷ್ಟ ಗುಣಮಟ್ಟದ ಸಿನಿಮಾ ನೋಡಲು ಗಂಟೆಗೆ ಎರಡು ಮೂರು ಸಾವಿರ ಎಂ.ಬಿ. ಬೇಕಾಗುತ್ತದೆ. ಒಂದು ಸಿನಿಮಾ ನುಂಗುವ ದತ್ತಾಂಶದಲ್ಲಿ ಸಾವಿರಕ್ಕೂ ಹೆಚ್ಚು ಎಲೆಗಳ ಚಿತ್ರ ಕಳುಹಿಸಬಹುದು.

ಇನ್ನು ಕೆಲವು ಸೇವೆಗಳಿಗಂತೂ ಅಂತರಜಾಲವೇ ಬೇಡ. 2004ರ ಜನವರಿಯಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಸಾಧಾರಣ ಫೋನಿನಿಂದಲೇ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲಿಯೇ ಸಲಹೆ ಕೇಳಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯೂ ಹೀಗೆ ಬರೀ ಕರೆಯಿಂದಲೇ ದೊರೆಯುವಂಥದು.

ಆದರೆ ಈ ಎಲ್ಲ ಉಪಯೋಗಗಳಿಗೂ ಒಂದು ಗುಣ ಸಾಮಾನ್ಯವಾಗಿದೆ. ಬೇಕಾದ ಹೊತ್ತಿನಲ್ಲಿ, ಬೇಕಾದ ಜಾಗದಲ್ಲಿ ಸಿಗಬೇಕು. ಸಿಡಿಲಿನ ಎಚ್ಚರಿಕೆ ಬಯಲಿನಲ್ಲಿ ದನ ಮೇಯಿಸುತ್ತಿರುವವನಿಗೆ ಆಗಲೇ ತಲುಪಬೇಕು. ಸಂಜೆ ಮನೆಗೆ ಬಂದ ಮೇಲೆ ವೈಫೈ ಮೂಲಕ ತಲುಪಿದರೆ ಪ್ರಯೋಜನವಿಲ್ಲ. ಅಪಾಯ ಆಗಲೇ ಆಗಿಹೋಗಿರುತ್ತದೆ.

ಅಲೆಗಳ ಗುಣವನ್ನು ಅರಿಯಿರಿ

ಎಲ್ಲ ಅಲೆಗಳೂ ಒಂದೇ ಬಗೆಯವಲ್ಲ. ಕಡಿಮೆ ಕಂಪನಾಂಕದ ಅಲೆ ದೂರ ಸಾಗುತ್ತದೆ. ಗೋಡೆ, ಗಿಡಮರಗಳನ್ನು ತಕ್ಕಮಟ್ಟಿಗೆ ದಾಟುತ್ತದೆ. ಹೆಚ್ಚು ಕಂಪನಾಂಕದ ಅಲೆ ಬಹಳ ಮಾಹಿತಿಯನ್ನು ಹೊರಬಲ್ಲದು, ಆದರೆ ದೂರ ಹೋಗಲಾರದು. ಆಕಾಶವಾಣಿಯ ಮಧ್ಯಮ ತರಂಗ ಜಿಲ್ಲೆ ಜಿಲ್ಲೆಗಳನ್ನು ದಾಟಿ ಕೇಳಿಸುವುದೂ, ಎಫ್.ಎಂ. ಸ್ವಲ್ಪ ದೂರಕ್ಕೇ ನಿಲ್ಲುವುದೂ ನಿಮ್ಮ ಅನುಭವದಲ್ಲಿಯೇ ಇದೆ.

ಮೊಬೈಲ್ ಜಾಲದಲ್ಲಿ 700 ಮೆಗಾಹರ್ಟ್ಸ್ ಅಲೆ ಹಳ್ಳಿಗಾಡಿಗೆ ಹೊಂದುವಂಥದು. 5ಜಿಯ ಹೆಚ್ಚಿನ ವೇಗ ಬರುವುದು 3300 ಮೆಗಾಹರ್ಟ್ಸ್ ಮತ್ತು ಅದಕ್ಕೂ ಮೇಲಿನ ಅಲೆಗಳಿಂದ. ಪೇಟೆಯಲ್ಲಿ ಗೋಪುರಗಳು ಹತ್ತಿರ ಹತ್ತಿರ ಇರುವುದರಿಂದ ಅಲ್ಲಿ ತೊಂದರೆಯಿಲ್ಲ. ದಟ್ಟವಾದ ಅಡಿಕೆ ತೋಟದ ನಡುವಿನ ಒಂಟಿ ಮನೆಗೆ ಅದೇ ವೇಗ ಸಿಗುವುದೆಂದು ಹೇಳಲಾಗದು. ಎಲೆಗಳು ಅಲೆಯನ್ನು ಹೀರುತ್ತವೆ. ಮಳೆಯಲ್ಲಿ ನೆನೆದ ಎಲೆಗಳು ಇನ್ನೂ ಹೆಚ್ಚು ಹೀರುತ್ತವೆ. ಆದಕಾರಣ ಬೇಸಿಗೆಯಲ್ಲಿ ನೋಡಿ ಮೆಚ್ಚಿದ ಸಂಪರ್ಕ ಆಷಾಢದಲ್ಲಿ ಕೈಕೊಡಬಹುದು.

ಪಂಪ್‌ಸೆಟ್ಟಿನ ಸಿಮ್ ಮರೆಯಬೇಡಿ

ಮೊಬೈಲಿನಿಂದ ಪಂಪ್‌ಸೆಟ್ಟು ಚಾಲು ಮಾಡುವ ಸ್ಟಾರ್ಟರುಗಳನ್ನು ಅನೇಕ ರೈತರು ಅಳವಡಿಸಿಕೊಂಡಿದ್ದಾರೆ. ರಾತ್ರಿ ವಿದ್ಯುತ್ ಬಂದಾಗ ಹಾವು ಹುಳುಗಳ ನಡುವೆ ಕತ್ತಲಲ್ಲಿ ನಡೆದು ಹೋಗುವ ಕಷ್ಟವನ್ನು ಇವು ತಪ್ಪಿಸಿವೆ. ಈ ಪೆಟ್ಟಿಗೆಗಳಲ್ಲಿ ಬಹಳಷ್ಟು 2ಜಿ ಅಲೆಯ ಮೇಲೆ ಕೆಲಸ ಮಾಡುವಂಥವು. 2016ರಲ್ಲಿ ಸೇವೆ ಆರಂಭಿಸಿದ ಜಿಯೋ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ. ಮನೆಮಂದಿಯ ಎಲ್ಲ ಸಂಖ್ಯೆಗಳನ್ನೂ ಒಂದೇ ಕಂಪನಿಗೆ ಬದಲಾಯಿಸುವ ಉತ್ಸಾಹದಲ್ಲಿ ಪಂಪ್‌ಸೆಟ್ಟಿನ ಸಿಮ್ಮನ್ನೂ ಅಲ್ಲಿಗೆ ಬದಲಾಯಿಸಿದರೆ ಮೋಟಾರು ಓಗೊಡುವುದಿಲ್ಲ. 4ಜಿಯಲ್ಲಿ ಕೆಲಸ ಮಾಡುವ ಸ್ಟಾರ್ಟರುಗಳೂ ದೊರೆಯುತ್ತವೆ. ನಿಮ್ಮದು ಯಾವ ಬಗೆಯದು ಎಂದು ಮಾರಿದವರನ್ನು ಕೇಳಿ ತಿಳಿದ ಮೇಲೆಯೇ ಸಿಮ್ ಬದಲಾಯಿಸಬೇಕು.

ಈ ಸಿಮ್ಮಿಗೆ ದಿನಕ್ಕೆ ಎರಡು ಜಿ.ಬಿ. ದತ್ತಾಂಶವಿರುವ ದುಬಾರಿ ರೀಚಾರ್ಜ್ ಹಾಕಿಸುವುದು ವ್ಯರ್ಥ. ಬರೀ ಕರೆ ಮತ್ತು ಎಸ್.ಎಂ.ಎಸ್. ಇರುವ ಪ್ರತ್ಯೇಕ ರೀಚಾರ್ಜನ್ನು ಎಲ್ಲ ಕಂಪನಿಗಳೂ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಇಂತಹ ರೀಚಾರ್ಜಿನ ಅವಧಿ 365 ದಿನಗಳವರೆಗೂ ಇರಬಹುದು. ಪಂಪ್‌ಸೆಟ್ಟಿಗೂ, ಮನೆಯ ಹಿರಿಯರ ಸಾದಾ ಫೋನಿಗೂ ಇದು ತಕ್ಕದ್ದು. ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಬೇಕು.

ಖರ್ಚಿನ ಲೆಕ್ಕ

ಜಾಹೀರಾತಿನಲ್ಲಿ ಕಾಣುವ ದರ ಪೂರ್ತಿ ದರವಲ್ಲ. ಉದಾಹರಣೆಗೆ, ಜಿಯೋ ಏರ್‌ಫೈಬರ್ ಆರಂಭವಾದಾಗ ಅದರ ಅತಿ ಕಡಿಮೆ ದರ ತಿಂಗಳಿಗೆ 599 ರೂಪಾಯಿ ಇತ್ತು. ಇದಕ್ಕೆ ಶೇ. 18ರ ಜಿ.ಎಸ್.ಟಿ. ಸೇರಿಸಿದರೆ ಸುಮಾರು 707 ರೂಪಾಯಿ ಆಗುತ್ತದೆ. ವರ್ಷಕ್ಕೆ ಸುಮಾರು 8,480 ರೂಪಾಯಿ. ಹಾಲಿಗೆ ಲೀಟರಿಗೆ 35 ರೂಪಾಯಿ ದೊರೆಯುತ್ತದೆಂದು ಇಟ್ಟುಕೊಂಡರೆ, ಇದು ವರ್ಷಕ್ಕೆ 240 ಲೀಟರು ಹಾಲಿನ ಹಣ. ದರಗಳು ಆಗಾಗ್ಗೆ ಬದಲಾಗುತ್ತವೆ. ನಿಮ್ಮ ಊರಿನಲ್ಲಿ ಕೇಳುವ ದರಕ್ಕೆ ಇದೇ ರೀತಿ ಲೆಕ್ಕ ಹಾಕಿ ನೋಡಿ. ಇದರ ಮೇಲೆ ಮನೆಮಂದಿಯ ಮೊಬೈಲ್ ರೀಚಾರ್ಜುಗಳ ಖರ್ಚು ಬೇರೆ ಇದ್ದೇ ಇರುತ್ತದೆ.

ಕಾಲೇಜಿನಲ್ಲಿ ಓದುವ ಮಕ್ಕಳಿದ್ದು, ಮನೆಯಲ್ಲಿ ನಾಲ್ಕೈದು ಜನರು ಅಂತರಜಾಲ ಬಳಸುವುದಾದರೆ ಈ ಖರ್ಚಿಗೆ ಅರ್ಥವಿದೆ. ಎಲ್ಲರ ಮೊಬೈಲಿಗೂ ದೊಡ್ಡ ರೀಚಾರ್ಜ್ ಹಾಕಿಸುವುದನ್ನು ತಗ್ಗಿಸಬಹುದು. ಮನೆಯೊಳಗೆ ಗೋಪುರದ ಅಲೆ ಸಿಗದ ಮಲೆನಾಡಿನ ಕಡೆ ವೈಫೈ ಮೂಲಕವೇ ಕರೆ ಮಾಡುವ ಸೌಲಭ್ಯವೂ ದೊಡ್ಡ ಅನುಕೂಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಅಲೆ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ್ದನ್ನು ನಾವು ಮರೆತಿಲ್ಲ.

ಆದರೆ ಬರೀ ಟಿ.ವಿ. ನೋಡುವುದಕ್ಕಾಗಿ ಇಷ್ಟು ಹಣ ಕೊಡುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ದೂರದರ್ಶನದ ಫ್ರೀ ಡಿಶ್ ಸೇವೆಗೆ ತಿಂಗಳ ಬಾಡಿಗೆಯೇ ಇಲ್ಲ. ತಟ್ಟೆ ಮತ್ತು ಪೆಟ್ಟಿಗೆಗೆ ಒಂದು ಸಲ ಹಣ ಕೊಟ್ಟರೆ ಮುಗಿಯಿತು. ಚಂದನ ವಾಹಿನಿ ಅದರಲ್ಲಿಯೇ ಬರುತ್ತದೆ.

ಹಿಂದಿನ ಒಂದು ಪಾಠ

ಆಕಾಶದ ಮೂಲಕ ಹಳ್ಳಿಗೆ ಟಿ.ವಿ. ಬಂದದ್ದು ಇದೇ ಮೊದಲಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ತಂತಿಬಲೆಯ ದೊಡ್ಡ ತಟ್ಟೆಯ ಆಂಟೆನಾ ಹಾಕಿ, ಊರಿಗೆ ಒಂದರಂತೆ ಇಟ್ಟ ಟಿ.ವಿ.ಯ ಮುಂದೆ ಜನರೆಲ್ಲ ಒಟ್ಟಿಗೆ ಕುಳಿತು ಬೇಸಾಯ, ಆರೋಗ್ಯ, ಕುಟುಂಬ ಕಲ್ಯಾಣದ ಕಾರ್ಯಕ್ರಮ ನೋಡಿದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೂ ಪಾಠಗಳಿದ್ದವು.

ಒಂದು ವರ್ಷದ ಕರಾರು ಮುಗಿಯಿತು; ಉಪಗ್ರಹವನ್ನು ಹಿಂದಕ್ಕೆ ಒಯ್ಯಲಾಯಿತು; ನೇರ ಪ್ರಸಾರ ನಿಂತಿತು. ಮುಂದೆ 1977ರಲ್ಲಿ ಗುಲಬರ್ಗಾದಲ್ಲಿ ಭೂಮಿಯ ಮೇಲಿನ ಪ್ರಸಾರ ಕೇಂದ್ರ ಬಂದಿತಾದರೂ ಅದರ ವ್ಯಾಪ್ತಿಗೆ ಮಿತಿಯಿತ್ತು. ಈ ಪ್ರಯೋಗದಿಂದ ಎರಡು ಮಾತು ಕಲಿಯಬೇಕು. ಒಂದನೆಯದು, ಒಳ್ಳೆಯ ಯಂತ್ರಕ್ಕಿಂತ ಮುಂದುವರಿಯುವ ಸೇವೆ ಮುಖ್ಯ. ಎರಡನೆಯದು, ಆಗ ಏನನ್ನು ತೋರಿಸಬೇಕೆಂದು ಯಾರೋ ಕುಳಿತು ಯೋಚಿಸುತ್ತಿದ್ದರು. ಈಗ ಆ ಹೊಣೆ ರಿಮೋಟು ಹಿಡಿದವರ ಕೈಯಲ್ಲಿದೆ, ಅಂದರೆ ನಿಮ್ಮದೇ ಮನೆಯಲ್ಲಿದೆ.

ಮನರಂಜನೆ ಬೇಡವೆ?

ಖಂಡಿತ ಬೇಕು. ದಿನವೆಲ್ಲ ದುಡಿದವರು ಸಂಜೆ ಸಿನಿಮಾ, ಧಾರಾವಾಹಿ, ಕ್ರಿಕೆಟ್ ನೋಡಿ ಸಂತೋಷಪಡುವುದರಲ್ಲಿ ತಪ್ಪೇನಿಲ್ಲ. ಪೇಟೆಯವರಿಗೆ ಇರುವ ಸುಖ ಹಳ್ಳಿಯವರಿಗೆ ಬೇಡವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹಳ್ಳಿಯಲ್ಲಿ ಬದುಕು ನೀರಸವೆಂದು ಯುವಕರು ಊರು ಬಿಡುತ್ತಿರುವಾಗ ಇಂತಹ ಸೌಲಭ್ಯಕ್ಕೆ ಬೆಲೆಯಿದೆ ಎಂಬ ವಾದವನ್ನೂ ತಳ್ಳಿಹಾಕಲಾಗದು.

ನಾವು ಹೇಳುವುದು ಇಷ್ಟೇ: ಮನರಂಜನೆಯನ್ನು ಮನರಂಜನೆಯ ಲೆಕ್ಕದಲ್ಲಿಯೇ ಬರೆಯಿರಿ. ಕೃಷಿಗೆ ಉಪಯೋಗ ಎಂಬ ಹೆಸರಿನಲ್ಲಿ ಸಿನಿಮಾ ಕಟ್ಟನ್ನು ಕೊಳ್ಳಬೇಡಿ. ಹೊಲದಲ್ಲಿ ಅಲೆ ಸಿಗುವಂತೆ ಮಾಡಿಕೊಳ್ಳುವುದು ಮೊದಲ ಖರ್ಚು, ಮನೆಯ ಟಿ.ವಿ. ಎರಡನೆಯದು. ರಾತ್ರಿ ಇಂತಿಷ್ಟು ಹೊತ್ತಿಗೆ ರೌಟರ್ ಆರಿಸುವ ಪದ್ಧತಿಯನ್ನು ಹಿರಿಯರೂ ಪಾಲಿಸಿದರೆ ಮಕ್ಕಳು ಪಾಲಿಸುತ್ತಾರೆ.

ಕೊಳ್ಳುವ ಮೊದಲು ಗಮನಿಸಬೇಕಾದ ಅಂಶಗಳು

1. ಜಾಲವನ್ನು ಅಂಗಡಿಯಲ್ಲಿ ಪರೀಕ್ಷಿಸಬೇಡಿ. ಬೇರೆ ಬೇರೆ ಕಂಪನಿಗಳ ಸಿಮ್ ಇರುವ ನೆರೆಯವರನ್ನು ಕರೆದುಕೊಂಡು ಪಂಪ್ ಮನೆ, ಕಣ, ಕೊಟ್ಟಿಗೆ ಈ ಮೂರು ಕಡೆ ಬೆಳಿಗ್ಗೆ ಮತ್ತು ಸಂಜೆ ಕರೆ ಮಾಡಿ ನೋಡಿ.

2. 2024ರ ಟ್ರಾಯ್ ನಿಯಮದ ಪ್ರಕಾರ ಪ್ರತಿ ಕಂಪನಿಯೂ ತನ್ನ 2ಜಿ, 4ಜಿ, 5ಜಿ ಸೇವೆ ಎಲ್ಲೆಲ್ಲಿ ದೊರೆಯುತ್ತದೆ ಎಂಬ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ನಿಮ್ಮ ಊರನ್ನು ಅದರಲ್ಲಿ ಹುಡುಕಿ.

3. ವಿದ್ಯುತ್ ಹೋದರೆ ರೌಟರೂ ನಿಲ್ಲುತ್ತದೆ. ರೌಟರಿಗೆಂದೇ ದೊರೆಯುವ ಸಣ್ಣ ಬ್ಯಾಟರಿ ಪೆಟ್ಟಿಗೆಯ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸಮೀಪದ ಗೋಪುರ ವಿದ್ಯುತ್ ಇಲ್ಲದಾಗ ಎಷ್ಟು ಹೊತ್ತು ನಡೆಯುತ್ತದೆ ಎಂದು ಊರಿನವರನ್ನು ವಿಚಾರಿಸಿ.

4. ಗುಡುಗು ಸಿಡಿಲು ಶುರುವಾಗುವ ಮುನ್ನವೇ ರೌಟರ್ ಮತ್ತು ಟಿ.ವಿ.ಯ ಪ್ಲಗ್ಗನ್ನು ಕೀಳಿರಿ. ಮಾಳಿಗೆಯ ಆಂಟೆನಾದಿಂದ ಬರುವ ತಂತಿಯನ್ನೂ ಬಿಡಿಸಿಡಿ. ಸಿಡಿಲು ಹೊಡೆಯುತ್ತಿರುವಾಗ ಇವುಗಳನ್ನು ಮುಟ್ಟಬೇಡಿ.

5. ಪಂಚಾಯಿತಿಯವರೆಗೆ ಫೈಬರ್ ಬಂದಿದ್ದು, ಮನೆಗೂ ಸಂಪರ್ಕ ಸಿಗುವಂತಿದ್ದರೆ ಅದನ್ನು ಮೊದಲು ಪರಿಶೀಲಿಸಿ. ಗಾಜಿನ ಎಳೆಗೆ ಮಳೆ, ಮರಗಳ ಅಡ್ಡಿಯಿಲ್ಲ. ಕಡಿದುಹೋದರೆ ಎಷ್ಟು ದಿನದಲ್ಲಿ ದುರಸ್ತಿಯಾಗುತ್ತದೆ ಎಂಬುದನ್ನು ಮಾತ್ರ ಈಗಾಗಲೇ ಹಾಕಿಸಿಕೊಂಡವರಿಂದ ತಿಳಿಯಿರಿ.

6. ಒಮ್ಮೆಗೇ ವರ್ಷದ ಹಣ ಕಟ್ಟಬೇಡಿ. ಒಂದು ಮಳೆಗಾಲ ನೋಡಿದ ಮೇಲೆ ನಿರ್ಧರಿಸಿ.

7. ನಿಮ್ಮ ಜಮೀನಿನಲ್ಲಿ ಗೋಪುರ ನಿಲ್ಲಿಸುತ್ತೇವೆ, ದೊಡ್ಡ ಬಾಡಿಗೆ ಕೊಡುತ್ತೇವೆ, ಮೊದಲು ಇಷ್ಟು ಹಣ ಕಟ್ಟಿ ಎಂದು ಫೋನ್ ಮಾಡುವವರು ವಂಚಕರು. ಟ್ರಾಯ್ ಆಗಲಿ ದೂರಸಂಪರ್ಕ ಇಲಾಖೆಯಾಗಲಿ ಇದಕ್ಕೆ ಹಣ ಕೇಳುವುದಿಲ್ಲ. ಮೋಸ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ.

ಊರು ಒಟ್ಟಾಗಿ ಕೇಳಬೇಕು

2025ರ ಸೆಪ್ಟೆಂಬರ್ 27ರಂದು ಬಿ.ಎಸ್.ಎನ್.ಎಲ್. ಸಂಸ್ಥೆಯ ಸ್ವದೇಶಿ 4ಜಿ ಜಾಲದ ಉದ್ಘಾಟನೆಯಾಯಿತು. ಇದರ ಗೋಪುರಗಳ ಸಂಖ್ಯೆ 90 ಸಾವಿರ ದಾಟಿದೆ. ಅವುಗಳಲ್ಲಿನ ರೇಡಿಯೋ ಉಪಕರಣಗಳನ್ನು ತಯಾರಿಸಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿ ಎಂಬುದು ನಮಗೆ ಹೆಮ್ಮೆಯ ಸಂಗತಿ. 700 ಮೆಗಾಹರ್ಟ್ಸ್ ಅಲೆಯನ್ನೂ ಬಳಸುವ ಈ ಜಾಲ ಹಳ್ಳಿಗಳಿಗೆ ಉಪಯುಕ್ತವಾಗಬಲ್ಲದು. ಆದರೆ ಗೋಪುರ ನಿಂತ ಮಾತ್ರಕ್ಕೆ ಸೇವೆ ನಿಂತಂತಲ್ಲ. ಅದರ ಬ್ಯಾಟರಿ, ಡೀಸೆಲ್, ದುರಸ್ತಿಗಳ ಮೇಲೆ ಕಣ್ಣಿಡುವವರು ಬೇಕು.

ಹೀಗಿರುವಲ್ಲಿ ಒಬ್ಬೊಬ್ಬರೇ ಗೊಣಗುವುದರಿಂದ ಪ್ರಯೋಜನವಿಲ್ಲ. ಪ್ರತಿ ಕಂಪನಿಯಲ್ಲಿಯೂ ದೂರು ಕೇಂದ್ರವೂ, ಅಲ್ಲಿ ಪರಿಹಾರ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರವೂ ಇರಬೇಕೆಂದು 2012ರ ನಿಯಮವಿದೆ. ದೂರು ಕೊಟ್ಟಾಗ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಾಲು ಉತ್ಪಾದಕರ ಸಂಘದ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿ. ಯಾವ ಯಾವ ಹೊಲದ ಬಯಲಿನಲ್ಲಿ ಅಲೆ ಸಿಗುವುದಿಲ್ಲ, ಎಷ್ಟು ದಿನ ಗೋಪುರ ಕೆಟ್ಟಿತ್ತು ಎಂಬುದನ್ನು ಪಟ್ಟಿ ಮಾಡಿ, ಊರಿನವರೆಲ್ಲ ಸಹಿ ಮಾಡಿ ಬರೆದುಕೊಡಿ. ಆದರೂ ಸರಿಹೋಗದಿದ್ದರೆ ಸಂಖ್ಯೆ ಬದಲಾಯಿಸದೆಯೇ ಕಂಪನಿ ಬದಲಾಯಿಸುವ ಸೌಲಭ್ಯ 2011ರಿಂದ ದೇಶದಾದ್ಯಂತ ಇದೆ. ಐವತ್ತು ಮನೆಗಳು ಒಟ್ಟಾಗಿ ಬಿಟ್ಟು ಹೋಗುತ್ತೇವೆ ಎಂದರೆ ಯಾವ ಕಂಪನಿಯಾದರೂ ಕಿವಿಗೊಡುತ್ತದೆ.

ಬೀಜ ಕೊಳ್ಳುವಾಗ ಮೊಳಕೆ ಪ್ರಮಾಣ ಕೇಳುತ್ತೀರಿ. ಮೋಟಾರು ಕೊಳ್ಳುವಾಗ ಅಶ್ವಶಕ್ತಿಯನ್ನೂ, ಸುತ್ತುವ ಅಂಗಡಿ ಎಷ್ಟು ದೂರವಿದೆ ಎಂಬುದನ್ನೂ ಕೇಳುತ್ತೀರಿ. ಹೊಸ ಜಾಲದ ಪ್ರತಿನಿಧಿ ನಿಮ್ಮ ಜಗಲಿಗೆ ಬಂದು ವೇಗದ ಮಾತಾಡಿದಾಗ, ಅವರಿಗೆ ನೀರು ಮಜ್ಜಿಗೆ ಕೊಟ್ಟು ಉಪಚರಿಸಿ, ಬಳಿಕ ಒಂದೇ ಪ್ರಶ್ನೆ ಕೇಳಿ: ‘ಸ್ವಾಮಿ, ಮಳೆ ಹಿಡಿದ ದಿನ ನನ್ನ ಹೊಲದಲ್ಲಿ ಇದು ಸಿಗುತ್ತದೆಯೇ?’ ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ, ಹೊಲಕ್ಕೇ ಕರೆದುಕೊಂಡು ಹೋಗಿ ತೋರಿಸಲು ಹೇಳಿ.